ಕಾಮಗೆರೆ ಹಾದಿಯ ಕ್ರೈಸ್ತರು

ನಾಡಿನ ಹೆಸರಾಂತ ಕ್ರೈಸ್ತರು ಯಾರೆಂದರೆ ನಮ್ಮ ಕಣ್ಣು ಮೊದಲು ಪುಸ್ತಕದ ಕಪಾಟಿನತ್ತ ಹೊರಳುತ್ತದೆ: 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್, ಸರ್ವಜ್ಞನ ವಚನಗಳನ್ನು ಕಲೆಹಾಕಿದ ಪಾದ್ರಿ ಉತ್ತಂಗಿ ಚನ್ನಪ್ಪ. ಕನ್ನಡದ ಮೇಲೆ ಇವರ ಋಣ ದೊಡ್ಡದು. ಆದರೆ ಈ ಸಾಲಿನಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರಿನವರು ಕಾಣುವುದಿಲ್ಲ. ಇಲ್ಲಿ ಅಂಥವರು ಇರಲಿಲ್ಲವೆಂದಲ್ಲ, ನಾವು ಅಳೆಯುವ ಕೊಳಗ ಬೇರೆ ಸೀಮೆಯದು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿಗೆ ಸೇರಿತ್ತು. ಹನೂರನ್ನೂ ಒಳಗೊಂಡ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ತಮಿಳು ಮನೆಮಾತಿನ ಕ್ಯಾಥೊಲಿಕ್ ರೈತರು ನೆಲೆಸಿರುವ ಮಾರ್ಟಳ್ಳಿಯಂಥ ಊರು ಕನ್ನಡದ ಚರಿತ್ರೆಕಾರರಿಗೆ ಗಡಿಯಾಚೆಗೇ ಉಳಿಯಿತು.

ಬರೆದದ್ದೇ ಹಿರಿಮೆಯೆಂಬ ಲೆಕ್ಕ ಎಷ್ಟು ಸಡಿಲವೆಂಬುದಕ್ಕೆ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ ಸಾಕ್ಷಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು 1823ರವರೆಗೆ ಇದ್ದ ಈತನಿಗೆ ಕೀರ್ತಿ ತಂದದ್ದು ಹಿಂದೂಗಳ ಆಚಾರ ವ್ಯವಹಾರ ಕುರಿತ ಗ್ರಂಥ. ಅದರ ಬಹುಪಾಲು ಕೂರ್ದು ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹವನ್ನು ಆಧರಿಸಿದ್ದೆಂದು ಸಿಲ್ವಿಯಾ ಮೂರ್ ಎಂಬ ಸಂಶೋಧಕಿ ತೋರಿಸಿಕೊಟ್ಟರು. ದುಬೊಯಿ ಸಿಡುಬಿಗೆ ಹಾಕಿಸಿದ ಚುಚ್ಚುಮದ್ದು, ಹಾಸನದ ಸತ್ತಿಹಳ್ಳಿಯಲ್ಲಿ ನೆಲೆಗೊಳಿಸಿದ ಬೇಸಾಯದ ಊರು ಮಾತ್ರ ಯಾರಿಂದಲೂ ಎರವಲು ತಂದದ್ದಲ್ಲ.

ಅದೇ ಕಣ್ಣಿನಿಂದ ಕೊಳ್ಳೇಗಾಲ–ಹನೂರು ಹಾದಿಯ ಕಾಮಗೆರೆಯಲ್ಲಿರುವ ಹೋಲಿಕ್ರಾಸ್ ಆಸ್ಪತ್ರೆಯನ್ನು ನೋಡಬೇಕು. 2018ರ ಡಿಸೆಂಬರ್ 14ರಂದು ಹನೂರು ಕಡೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ಜನ ಕುಸಿದರು, 17 ಮಂದಿ ತೀರಿಕೊಂಡರು. ಅಂದು ಅಸ್ವಸ್ಥರಾದವರಲ್ಲಿ ಹಲವರನ್ನು ಮೊದಲು ಹೊತ್ತು ತಂದದ್ದು ಕ್ರೈಸ್ತ ಸನ್ಯಾಸಿನಿಯರು ನಡೆಸುವ ಈ ಆಸ್ಪತ್ರೆಗೆ. ಮೈಸೂರಿನ ದಾರಿ ಆಮೇಲಿನದು. ಇಂಥ ಸೇವೆ ಮತಾಂತರದ ಗಾಳವೆಂದು ಆಕ್ಷೇಪಿಸುವವರಿದ್ದಾರೆ. ಮಿಶನ್ನುಗಳಿಗೆ ಆ ಆಸೆ ಇತ್ತೆಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಹಿಂದೂಗಳನ್ನು ಮತಕ್ಕೆ ತರುವುದು ಆಗದ ಕೆಲಸವೆಂದು ದುಬೊಯಿಯೇ 1823ರಲ್ಲಿ ಅಚ್ಚಾದ ಪತ್ರಗಳಲ್ಲಿ ಒಪ್ಪಿಕೊಂಡ. ಚುಚ್ಚುಮದ್ದಿನಿಂದ ಉಳಿದ ಮಕ್ಕಳು ಅದರಿಂದ ಸುಳ್ಳಾಗಲಿಲ್ಲ. ಸುಳ್ವಾಡಿಯಿಂದ ಬಂದವರು ಮಾರಮ್ಮನ ಭಕ್ತರು, ಅವರಿಗೆ ಆ ಹೊತ್ತಿನಲ್ಲಿ ಬೇಕಿದ್ದದ್ದು ಹತ್ತಿರದ ಹಾಸಿಗೆ.

ಹೆಸರೇ ಗೊತ್ತಿಲ್ಲದ ಸಿಸ್ಟರ್‌ಗಳನ್ನು, ಕಾಡಂಚಿನ ರೈತರನ್ನು ಗಣ್ಯರೆಂದು ಹೇಗೆ ಕರೆಯುವುದು ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಮಲೆ ಮಹದೇಶ್ವರನಾದ ಮಾದಪ್ಪನ ಕಥೆ ಕಾಗದಕ್ಕಿಳಿಯುವ ಎಷ್ಟೋ ಮೊದಲಿನಿಂದ ಕಂಸಾಳೆ ಹಾಡುಗಾರರ ಬಾಯಲ್ಲಿ ಬಾಳಿ ಬಂದ ಸೀಮೆಯಿದು. ಇಲ್ಲಿ ಅಚ್ಚಾಗದ್ದನ್ನು ಇಲ್ಲವೆನ್ನಲಾಗದು. ಕ್ರೈಸ್ತರ ವಿಷಯದಲ್ಲಂತೂ ಕಾಗದವೂ ಇದೆ: ಜ್ಞಾನಸ್ನಾನ, ಮದುವೆ, ಮರಣವನ್ನು ದಾಖಲಿಸುವುದು ಕ್ಯಾಥೊಲಿಕ್ ಚರ್ಚುಗಳ ನಿಯಮ. ಆ ಪುಸ್ತಕಗಳನ್ನೂ ಕೊಯಮತ್ತೂರಿನ ಹಳೆಯ ಕಡತಗಳನ್ನೂ ತಮಿಳು, ಕನ್ನಡ ಎರಡೂ ಬಲ್ಲವರು ಕೂತು ಓದಬೇಕು. ವಯಸ್ಸಾದ ಸಿಸ್ಟರ್‌ಗಳ ಮಾತನ್ನು ಅವರಿರುವಾಗಲೇ ಕೇಳಿ ಬರೆದಿಡಬೇಕು.