ಮಡಚುಗತ್ತಿಯ ಮೇಲೆ ಜಪಾನಿ ಕುಸುರಿ

ಮಡಚುವ ಚಾಕು ಎಂದರೆ ಒಂದು ಅಲಗು, ಒಂದು ಹಿಡಿ, ಎರಡನ್ನೂ ಕೂಡಿಸುವ ತಿರುಗುಣಿ. ಲೆಕ್ಕಕ್ಕೆ ಇಷ್ಟೇ. ಆದರೆ ಅಲಗು ಹಿಡಿಯೊಳಗೆ ಸಲೀಸಾಗಿ ಕೂರಬೇಕು, ತೆರೆದಾಗ ಅಲ್ಲಾಡದೆ ನಿಲ್ಲಬೇಕು, ಮುಚ್ಚಿದ ಮೇಲೆ ಜೇಬಿನಲ್ಲಿ ತಾನಾಗಿ ಬಾಯಿಬಿಡಬಾರದು. ಈ ಮೂರು ಷರತ್ತು ಸೇರಿದೊಡನೆ ಚಾಕು ಒಂದು ಪುಟ್ಟ ಯಂತ್ರವಾಗುತ್ತದೆ. ಇಂಥ ಯಂತ್ರದ ಹಿಡಿಯನ್ನು ಜಪಾನಿನ ಖಡ್ಗದ ಒಡವೆಗಳ ಮಾದರಿಯಲ್ಲಿ ಕೈಯಿಂದಲೇ ಅಲಂಕರಿಸುವ ಕಸುಬು ಕಳೆದ ಕೆಲವು ದಶಕಗಳಲ್ಲಿ ಪಶ್ಚಿಮದ ಚಾಕು ತಯಾರಕರ ನಡುವೆ ಬೆಳೆದಿದೆ. ಕೆತ್ತನೆಯೇನೂ ಸುಲಭವಲ್ಲ, ಆದರೂ ಇದರ ನಿಜವಾದ ಕಷ್ಟವಿರುವುದು ಕೆಲಸಗಳ ಸರದಿಯಲ್ಲಿ. ಉಕ್ಕು ಬೇಡುವ ಶಾಖವನ್ನು ಬಣ್ಣ ತಾಳದು. ಬಣ್ಣ ಬೇಡುವ ದ್ರಾವಣವನ್ನು ಉಕ್ಕು ತಾಳದು. ಇವೆರಡೂ ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ಅಂತರವೂ ಲೆಕ್ಕಕ್ಕೆ ಬರುತ್ತದೆ.

ಜಪಾನಿನಲ್ಲಿ ಖಡ್ಗದ ಅಲಗು ಬಡಿಯುವವನು ಒಬ್ಬ, ಅದರ ಲೋಹದ ಒಡವೆ ಮಾಡುವವನು ಇನ್ನೊಬ್ಬ. ಹಿಡಿಗೂ ಅಲಗಿಗೂ ನಡುವೆ ಕೈ ಕಾಯುವ ಬಿಲ್ಲೆ ತ್ಸುಬಾ. ಹಿಡಿಯ ಎರಡು ಕೊನೆಗಳಿಗೆ ತೊಡಿಸುವ ಬಳೆ, ಟೊಪ್ಪಿಗೆಗಳು ಫುಚಿ ಮತ್ತು ಕಶಿರಾ. ಹಿಡಿಗೆ ಸುತ್ತಿದ ದಾರದಡಿ ಸಿಕ್ಕಿಸುವ ಚಿಕ್ಕ ಉಬ್ಬುಶಿಲ್ಪ ಮೆನುಕಿ. ಒರೆಯ ಪಕ್ಕದ ಕಿಂಡಿಯಲ್ಲಿ ಒಂದು ಪುಟ್ಟ ಚಾಕು ಇರುತ್ತಿತ್ತು. ಅದರ ಹಿಡಿಯೇ ಕೊಜುಕಾ. ಸುಮಾರು 10 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲದ ಈ ಪಟ್ಟಿ ಇಂದಿನ ಮಡಚುಗತ್ತಿಯ ಹಿಡಿಯ ಅಳತೆಗೆ ಬಹಳ ಹತ್ತಿರ. ಈಗಿನ ತಯಾರಕರು ಸಂಯೋಜನೆಗಾಗಿ ತ್ಸುಬಾಗಿಂತ ಕೊಜುಕಾವನ್ನು ನೋಡುವುದು ಲೇಸು. ಇಕ್ಕಟ್ಟಾದ, ಉದ್ದನೆಯ ಜಾಗದಲ್ಲಿ ಒಂದು ಕೊಂಬೆಯನ್ನೋ ಒಂದು ಮೀನನ್ನೋ ಕೂರಿಸಿ ಉಳಿದದ್ದನ್ನು ಖಾಲಿ ಬಿಡುವ ಜಾಣ್ಮೆ ಅಲ್ಲಿದೆ.

15ನೇ ಶತಮಾನದಲ್ಲಿ ಗೊತೋ ಯೂಜೋ ಆರಂಭಿಸಿದ ಮನೆತನ ತಲೆಮಾರುಗಳ ಕಾಲ ಶೋಗನ್‌ಗಳಿಗೆ ಈ ಕೆಲಸ ಮಾಡಿಕೊಟ್ಟಿತು. 1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಿತು. ಒಡವೆ ಮಾಡುವವರ ಗಿರಾಕಿಗಳೇ ಇಲ್ಲವಾದರು. ಕಾನೋ ನಾತ್ಸುಓನಂಥ ಕುಶಲಿಗಳು ನಿಷೇಧಕ್ಕೂ ಮೊದಲೇ ಹೊಸ ನಾಣ್ಯಗಳ ವಿನ್ಯಾಸಕ್ಕೆ, ಬಳಿಕ ಟೋಕಿಯೋದ ಕಲಾಶಾಲೆಯ ಬೋಧನೆಗೆ ತಿರುಗಿದರು; ಉಳಿದವರಲ್ಲಿ ಅನೇಕರು ವಿದೇಶಿ ಮಾರುಕಟ್ಟೆಗಾಗಿ ಹೂದಾನಿ, ಡಬ್ಬಿಗಳನ್ನು ಮಾಡಿದರು. ಯುರೋಪ್, ಅಮೆರಿಕಗಳ ಕಣ್ಣು ಈ ಲೋಹಗಳ ಮೇಲೆ ಬಿದ್ದದ್ದು ಆಗ. ನ್ಯೂಯಾರ್ಕಿನ ಟಿಫಾನಿ ಸಂಸ್ಥೆ ಜಪಾನಿ ಶೈಲಿಯ ಮಿಶ್ರಲೋಹದ ಪಾತ್ರೆಗಳನ್ನು 1878ರ ಪ್ಯಾರಿಸ್ ಪ್ರದರ್ಶನಕ್ಕೇ ಒಯ್ದಿತ್ತು.

ಸೋಜಿಗವೆಂದರೆ ಜಪಾನಿನ ಸ್ವಂತ ಮಡಚುಗತ್ತಿಗೆ ಈ ಕುಸುರಿಯ ಸೋಂಕೇ ಇಲ್ಲ. 19ನೇ ಶತಮಾನದ ಕೊನೆಯಲ್ಲಿ ಹ್ಯೋಗೋ ಪ್ರಾಂತದ ಮಿಕಿಯಲ್ಲಿ ಹುಟ್ಟಿದ ಹಿಗೊನೊಕಾಮಿಗೆ ಮಡಿಸಿದ ತಗಡೇ ಹಿಡಿ. ಬೀಗವಿಲ್ಲ, ಸ್ಪ್ರಿಂಗ್ ಇಲ್ಲ. ಅಲಗಿನ ಬುಡದ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ತೆರೆಯಬೇಕು. ಶಾಲಾಮಕ್ಕಳು ಪೆನ್ಸಿಲ್ ಹೆರೆಯುತ್ತಿದ್ದ ಚಾಕು ಅದು. ಇಲ್ಲಿ ಹೇಳುತ್ತಿರುವ ಅಲಂಕೃತ ಚಾಕು ಅದರ ವಂಶದ್ದಲ್ಲ. ಯಂತ್ರಾಂಗ ಪಶ್ಚಿಮದ್ದು, ತೊಡುಗೆ ಖಡ್ಗದ್ದು.

ಕೆಲಸ ಶುರುವಾಗುವುದು ಅಲಗಿನಿಂದ. ಉಕ್ಕನ್ನು ಮೆತ್ತಗಿರುವಾಗಲೇ ಆಕಾರಕ್ಕೆ ಅರೆದು, ತಿರುಗುಣಿಯ ತೂತನ್ನು ಕೊರೆದು, ಬೆನ್ನಿನ ಮೇಲೆ ಅರದಿಂದ ಮಾಡುವ ಚಿತ್ತಾರವನ್ನೂ ಮುಗಿಸಿಬಿಡಬೇಕು. ಹದ ಹಾಕಿದ ಉಕ್ಕಿನ ಮೇಲೆ ಅರ ಜಾರುತ್ತದೆಯೇ ಹೊರತು ಕಚ್ಚುವುದಿಲ್ಲ. ಜಪಾನಿ ಖಡ್ಗದ ಬಾಯಿಯುದ್ದಕ್ಕೂ ಕಾಣುವ ಮಂಜಿನಂಥ ಬಿಳಿ ಗೆರೆ ಹಮೋನ್ ಬೇಕಿದ್ದರೆ ಉಕ್ಕಿನ ಆಯ್ಕೆಯೂ ಬೇರೆಯಾಗುತ್ತದೆ. ಮ್ಯಾಂಗನೀಸ್, ಕ್ರೋಮಿಯಂ ಹೆಚ್ಚಿರುವ ಉಕ್ಕು ಆಳದವರೆಗೂ ಗಟ್ಟಿಯಾಗುವುದರಿಂದ ಅದರಲ್ಲಿ ಗೆರೆ ಮೂಡುವುದಿಲ್ಲ. ಇಂಗಾಲವೊಂದನ್ನು ಬಿಟ್ಟು ಬೇರೆ ಬೆರಕೆ ಕಡಿಮೆ ಇರುವ ಉಕ್ಕೇ ಬೇಕು. ಜೇಡಿಮಣ್ಣು, ಇದ್ದಿಲ ಪುಡಿ, ಕಲ್ಲಿನ ಪುಡಿ ಕಲಸಿದ ಲೇಪವನ್ನು ಅಲಗಿನ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಬಳಿದು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಸಿ ನೀರಿನಲ್ಲೋ ಎಣ್ಣೆಯಲ್ಲೋ ಅದ್ದುತ್ತಾರೆ. ಲೇಪ ತೆಳುವಾದ ಕಡೆ ಶಾಖ ತಟ್ಟನೆ ಇಳಿದು ಮಾರ್ಟೆನ್ಸೈಟ್ ಎಂಬ ಗಡಸು ಹರಳುರಚನೆ ಕಟ್ಟಿಕೊಳ್ಳುತ್ತದೆ. ದಪ್ಪ ಲೇಪದಡಿ ಶಾಖ ನಿಧಾನವಾಗಿ ಇಳಿದು ಪರ್ಲೈಟ್ ಎಂಬ ಮೆತ್ತನೆಯ, ಬಾಗುವ ರಚನೆಯಾಗುತ್ತದೆ. ಎರಡರ ಗಡಿಯೇ ಹಮೋನ್. ಮುಂದೆ 150ರಿಂದ 200 ಡಿಗ್ರಿಯ ಹದವಾದ ಶಾಖದಲ್ಲಿ ಮತ್ತೆ ಇಟ್ಟು ಗಡಸಿನ ಬಿರುಸನ್ನು ಇಳಿಸುತ್ತಾರೆ. ನೀರಿನಲ್ಲಿ ಅದ್ದಿದಾಗ ಸಣ್ಣ ಅಲಗುಗಳು ಸೀಳುವುದುಂಟು, ಸೊಟ್ಟಗಾಗುವುದಂತೂ ಸಾಮಾನ್ಯ. ಒಡವೆಯ ಕೆಲಸಕ್ಕೆ ಕೈಹಾಕುವ ಮೊದಲೇ ಅಲಗನ್ನು ಮುಗಿಸುವುದು ಇದಕ್ಕಾಗಿಯೇ.

ಹದ ಹಾಕಿದ ಅಲಗು ಅಂತಿಮ ಅಳತೆ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು. ಅಲಗಿನ ಎರಡೂ ಬದಿಗೆ ತೆಳುವಾದ ಕಂಚಿನ ವಾಷರುಗಳು, ಅವುಗಳ ಹೊರಗೆ ಎರಡು ಲೋಹದ ಫಲಕಗಳು. ಇಂದು ಬಹುಪಾಲು ಬಳಕೆಯಲ್ಲಿರುವ ಬೀಗವನ್ನು 1980ರ ದಶಕದಲ್ಲಿ ರೂಢಿಗೆ ತಂದವರು ಅಮೆರಿಕದ ಮೈಕೆಲ್ ವಾಕರ್. ಒಂದು ಫಲಕವನ್ನೇ ಉದ್ದಕ್ಕೆ ಸೀಳಿ ಒಳಮುಖವಾಗಿ ಬಾಗಿಸಿದರೆ ಅದೇ ಸ್ಪ್ರಿಂಗ್. ಅಲಗು ಪೂರ್ತಿ ತೆರೆದೊಡನೆ ಅದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಬುಡದ ಆ ಮುಖವನ್ನು ಕೆಲವು ಡಿಗ್ರಿ ಇಳಿಜಾರಾಗಿ ಅರೆದಿರುತ್ತಾರೆ. ಬಳಸುತ್ತ ಲೋಹ ಸವೆದರೆ ಸ್ಪ್ರಿಂಗ್ ಇಳಿಜಾರಿನಲ್ಲಿ ಇನ್ನಷ್ಟು ಒಳಗೆ ಸರಿದು ಸಡಿಲವನ್ನು ತಾನೇ ತುಂಬಿಕೊಳ್ಳುತ್ತದೆ. ಮುಚ್ಚಿದಾಗ ಅಲಗನ್ನು ಹಿಡಿದಿಡಲು ಅದೇ ಸ್ಪ್ರಿಂಗಿನ ಮೇಲೆ ಸಾಸಿವೆಯಷ್ಟು ಗಾತ್ರದ ಗುಂಡೊಂದು, ಅಲಗಿನಲ್ಲಿ ಅದಕ್ಕೊಂದು ಗುಳಿ. ಫಲಕಕ್ಕೆ ಟೈಟಾನಿಯಂ ಅಚ್ಚುಮೆಚ್ಚಾಗಲು ಕಾರಣ ಅದರ ಹಗುರತನವಷ್ಟೇ ಅಲ್ಲ. ಅದರ ಬಿಗುಪು ಉಕ್ಕಿನ ಅರ್ಧದಷ್ಟು ಮಾತ್ರ. ಶಾಶ್ವತವಾಗಿ ಬಾಗದೆ ಹೆಚ್ಚು ಬಳುಕುತ್ತದೆ. ವಿದ್ಯುತ್ ಹರಿಸಿ ಅದರ ಮೇಲೆ ಆಕ್ಸೈಡ್ ಪೊರೆ ಬೆಳೆಸಿದರೆ ನೀಲಿ, ನೇರಳೆ ಬಣ್ಣಗಳೂ ಬರುತ್ತವೆ. ಜಪಾನಿ ಲೋಹಗಳ ಮಂದ ಬಣ್ಣದ ಪಕ್ಕದಲ್ಲಿ ಆ ಮಿಂಚು ಕಣ್ಣಿಗೆ ಕೊಂಚ ಜಾಸ್ತಿ. ಫಲಕದ ಒಳಮೈಗೆ ಬಿಟ್ಟರೆ ಚೆನ್ನ.

ಫಲಕಗಳ ಹೊರಮೈಗೆ ಕೂರುವ ಪಟ್ಟಿಗಳೇ ಅಲಂಕಾರದ ಅಂಗಳ. ಇವಕ್ಕೆ ಎರಡು ಲೋಹಗಳು ಮುಖ್ಯ. ತಾಮ್ರಕ್ಕೆ ಶೇಕಡ 3ರಿಂದ 5ರಷ್ಟು ಚಿನ್ನ ಬೆರೆಸಿದರೆ ಶಕುದೋ. ತಾಮ್ರಕ್ಕೆ ಕಾಲು ಭಾಗದವರೆಗೆ ಬೆಳ್ಳಿ ಬೆರೆಸಿದರೆ ಶಿಬುಇಚಿ. ಎರಕ ಹೊಯ್ದು ಉಜ್ಜಿದ ಶಕುದೋ ಹೆಚ್ಚುಕಡಿಮೆ ತಾಮ್ರದಂತೆಯೇ ಕಾಣುತ್ತದೆ. ಚಿನ್ನ ಹಾಕಿದ್ದು ದಂಡವಾಯಿತೇ ಎನ್ನಿಸಬೇಕು. ಅದರ ಬೆಲೆ ತಿಳಿಯುವುದು ಕೊನೆಯ ದಿನ.

ಪಟ್ಟಿಯನ್ನು ರಾಳ ತುಂಬಿದ ಬಟ್ಟಲಿನಲ್ಲಿ ಅಂಟಿಸಿ, ಚಿಕ್ಕ ಸುತ್ತಿಗೆಯಿಂದ ಚಾಣವನ್ನು ಬಡಿಯುತ್ತ ಕೆತ್ತುತ್ತಾರೆ. ಅಂಟಿಸಲು ಅರಗು ಬಳಸುವ ನಮ್ಮ ಅಕ್ಕಸಾಲಿಗರಿಗೆ ಈ ಏರ್ಪಾಡನ್ನು ವಿವರಿಸಬೇಕಿಲ್ಲ. ಚಿನ್ನದ ತಂತಿ ಕೂರಿಸಲು ತೋಡುವ ಕಾಲುವೆಯ ಬಾಯಿ ಕಿರಿದು, ತಳ ಅಗಲ. ಕಾಸಿ ಮೆತ್ತಗಾಗಿಸಿದ ತಂತಿಯನ್ನು ಒಳಗಿಟ್ಟು ತಟ್ಟಿದಾಗ ಅದು ತಳದಲ್ಲಿ ಹರಡಿ ಸಿಕ್ಕಿಕೊಳ್ಳುತ್ತದೆ. ಅಂಟೂ ಬೇಡ, ಬೆಸುಗೆಯೂ ಬೇಡ. ಇನ್ನೊಂದು ಬಗೆಯಲ್ಲಿ ಉಕ್ಕಿನ ಮೈಮೇಲೆ ಬಟ್ಟೆಯ ನೇಯ್ಗೆಯಂತೆ ಅಡ್ಡಡ್ಡ, ಉದ್ದುದ್ದ ಅತಿಸಣ್ಣ ಗೀರುಗಳನ್ನು ಹಾಕಿ, ಎದ್ದ ಮುಳ್ಳುಗಳ ಮೇಲೆ ಚಿನ್ನದ ತೆಳುಹಾಳೆಯನ್ನು ಒತ್ತಿ ಬಡಿಯುತ್ತಾರೆ. ಹಿನ್ನೆಲೆಗೆ ನನಾಕೊ: ತುದಿಯಲ್ಲಿ ಗುಳಿಯಿರುವ ಮೊಳೆಯಿಂದ ಒಂದೊಂದೇ ಏಟಿಗೆ ಒಂದೊಂದು ಕಾಳು, ಮಿಲಿಮೀಟರಿಗೂ ಸಣ್ಣದು, ಸಾಲು ತಪ್ಪದಂತೆ. ಗೊತೋ ಮನೆತನದ ಕೆಲಸದಲ್ಲಿ ನೋಡುಗರನ್ನು ಬೆರಗಾಗಿಸುವುದು ಉಬ್ಬಿದ ಡ್ರ್ಯಾಗನ್‌ಗಿಂತ ಅದರ ಹಿಂದಿನ ಈ ಕಾಳುಗಳೇ. ಮಡಚುಗತ್ತಿಯಲ್ಲಿ ಉಬ್ಬುಶಿಲ್ಪಕ್ಕೆ ಒಂದು ಮಿತಿಯೂ ಇದೆ. ಹೆಚ್ಚು ಎತ್ತರವಾದರೆ ಅಂಗೈಗೆ ಚುಚ್ಚುತ್ತದೆ, ಜೇಬಿಗೆ ಸಿಕ್ಕಿಕೊಳ್ಳುತ್ತದೆ. ಪಟ್ಟಿಯ ಬೆನ್ನನ್ನು ಆಳಕ್ಕೆ ಕೊರೆದರೆ ಸ್ಕ್ರೂ ಹಿಡಿಯಲು ಲೋಹವೇ ಉಳಿಯದು.

ಮೊಕುಮೆ-ಗಾನೆ ಎಂಬ ಮರದ ನಾರಿನಂಥ ಚಿತ್ತಾರಕ್ಕೆ ಕೆತ್ತನೆಗಿಂತ ಭೌತಶಾಸ್ತ್ರವೇ ಹೆಚ್ಚು ಬೇಕು. 17ನೇ ಶತಮಾನದಲ್ಲಿ ಅಕಿತಾದ ಶೋಆಮಿ ದೆನ್ಬೇ ರೂಪಿಸಿದನೆನ್ನುವ ಈ ವಿಧಾನದಲ್ಲಿ ತಾಮ್ರ, ಶಕುದೋ, ಬೆಳ್ಳಿಯ ತಗಡುಗಳನ್ನು ಒಂದರ ಮೇಲೊಂದು ಪೇರಿಸಿ, ಬಿಗಿದು, ಕುಲುಮೆಯಲ್ಲಿ ಕಾಸುತ್ತಾರೆ. ಪದರಗಳು ಕರಗದೆಯೇ ಬೆಸೆದುಕೊಳ್ಳಬೇಕು. ಶಾಖದಲ್ಲಿ ಒಂದರ ಪರಮಾಣುಗಳು ಇನ್ನೊಂದರೊಳಕ್ಕೆ ನುಸುಳಿ ಬೆಸುಗೆಯಾಗುತ್ತದೆ. ಶುದ್ಧ ಬೆಳ್ಳಿ 962 ಡಿಗ್ರಿಯಲ್ಲಿ, ತಾಮ್ರ 1085 ಡಿಗ್ರಿಯಲ್ಲಿ ಕರಗುತ್ತದೆ. ಎರಡೂ ಮೈತಾಗಿಸಿಕೊಂಡಿರುವಾಗ ಗಡಿಯಲ್ಲಿ ಹುಟ್ಟುವ ಬೆರಕೆ ಮಾತ್ರ 779 ಡಿಗ್ರಿಗೇ ದ್ರವವಾಗುತ್ತದೆ. ಹಾಗಾಗಿ ಕೆಲಸದ ಶಾಖ ಅದರ ಕೆಳಗೇ ನಿಲ್ಲಬೇಕು. ಸ್ವಲ್ಪ ಮೀರಿದರೂ ಇಡೀ ಗಟ್ಟಿ ಬೆವರಿ ಹರಿದುಹೋಗುತ್ತದೆ. ಬೆಸೆದ ಗಟ್ಟಿಯನ್ನು ಬಡಿದು ತೆಳುವಾಗಿಸಿ, ಅಲ್ಲಲ್ಲಿ ಗುಳಿ ಕೆತ್ತಿ ಮತ್ತೆ ಬಡಿದು ಚಪ್ಪಟೆ ಮಾಡಿದರೆ ಅಡಿಯ ಪದರಗಳು ಬಳೆಬಳೆಯಾಗಿ ಮೇಲೆ ತೋರುತ್ತವೆ.

ಕೊನೆಗೆ ಬಣ್ಣ. ಇದು ಬಳಿಯುವ ಬಣ್ಣವಲ್ಲ. ತಾಮ್ರದ ಕಿಲುಬು ಮತ್ತು ಮೈಲುತುತ್ತವನ್ನು ಲೀಟರ್ ನೀರಿಗೆ ಕೆಲವೇ ಗ್ರಾಂಗಳಂತೆ ಕರಗಿಸಿ ಮಾಡುವ ರೊಕುಶೋ ದ್ರಾವಣವನ್ನು ತಾಮ್ರದ ಪಾತ್ರೆಯಲ್ಲಿ ಕುದಿಸುತ್ತಾರೆ. ಇದ್ದಿಲ ಪುಡಿಯಿಂದ ಉಜ್ಜಿ ಜಿಡ್ಡು ತೆಗೆದ ಪಟ್ಟಿಯನ್ನು ತುರಿದ ಮೂಲಂಗಿಯ ರಸದಲ್ಲಿ ಅದ್ದಿ ನೇರ ದ್ರಾವಣಕ್ಕೆ ಇಳಿಸುತ್ತಾರೆ. ಮೂಲಂಗಿ ರಸ ಮೈಗೆ ಸಮನಾಗಿ ಹರಡಿ ಕಲೆ ಬೀಳದಂತೆ ಕಾಯುತ್ತದೆ. ಒಂದು ಬೆರಳಚ್ಚು ಉಳಿದಿದ್ದರೂ ಅದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಒಂದೇ ಪಾತ್ರೆಯಲ್ಲಿ ತಾಮ್ರ ಕೆಂಪು ಕಂದಾಗುತ್ತದೆ, ಶಿಬುಇಚಿ ಬೂದುಬಣ್ಣವಾಗುತ್ತದೆ, ಶಕುದೋ ನೀಲಿ-ನೇರಳೆ ಛಾಯೆಯ ಕಡುಕಪ್ಪಾಗುತ್ತದೆ. ಚಿನ್ನ, ಬೆಳ್ಳಿ ಇದ್ದಂತೆಯೇ ಇರುತ್ತವೆ. ಬಣ್ಣ ಬದಲಿಸಿದ ಮೂರರ ಮೇಲೂ ಬೆಳೆದದ್ದು ತಾಮ್ರದ ಆಕ್ಸೈಡಿನ ಪೊರೆಯೇ. ಅದರ ಸಹಜ ಬಣ್ಣ ಕೆಂಪು. ಶಕುದೋದಲ್ಲಿ ತಾಮ್ರದೊಡನೆ ಆಕ್ಸೈಡಾಗದೆ ಉಳಿದ ಚಿನ್ನದ ಅತಿಸೂಕ್ಷ್ಮ ಕಣಗಳು ಪೊರೆಯೊಳಗೆ ಹರಡಿ ಬೆಳಕನ್ನು ನುಂಗುವುದರಿಂದ ಅದು ಕಪ್ಪಾಗುತ್ತದೆ. ತಳದ ಲೋಹ ಮಾತ್ರ ಕಪ್ಪಾಗಿ ಮೇಲಿನ ಬೆಳ್ಳಿ ಬೆಳ್ಳಗೇ ಉಳಿಯುವ ಉಪಾಯ ಬೀದರಿನ ಬಿದ್ರಿ ಕಸುಬಿನಲ್ಲೂ ಇದೆ. ಅಲ್ಲಿನ ಲೋಹ ಸತು ಪ್ರಧಾನ, ಕಪ್ಪು ತರುವುದು ಕೋಟೆಯ ಮಣ್ಣು ಮತ್ತು ನವಸಾಗರ. ರಸಾಯನ ಬೇರೆ, ತರ್ಕ ಒಂದೇ.

ಈ ದ್ರಾವಣಕ್ಕೆ ಉಕ್ಕು ಬೀಳಕೂಡದು. ಮೈಲುತುತ್ತದಲ್ಲಿ ಕಬ್ಬಿಣದ ಮೊಳೆ ಅದ್ದಿದರೆ ತಾಮ್ರ ಹತ್ತಿಕೊಳ್ಳುವ ಶಾಲೆಯ ಪ್ರಯೋಗವೇ ಅಲಗಿನ ಮೇಲೂ ನಡೆಯುತ್ತದೆ, ದ್ರಾವಣವೂ ಕೆಡುತ್ತದೆ. ಬಣ್ಣ ಬಂದ ಪಟ್ಟಿಯನ್ನು ಬೆಸುಗೆಗೆ ಒಡ್ಡುವಂತೆಯೂ ಇಲ್ಲ, ಅರದಿಂದ ಸರಿಪಡಿಸುವಂತೆಯೂ ಇಲ್ಲ. ಪೊರೆ ಅಷ್ಟು ತೆಳು. ಆದ್ದರಿಂದ ಇಡೀ ಚಾಕುವನ್ನು ಒಮ್ಮೆ ಪೂರ್ತಿ ಜೋಡಿಸಿ, ತೆರೆದು ಮುಚ್ಚಿ, ಬೀಗ ಕೂರುವುದನ್ನೂ ಅಂಚುಗಳು ಕೂಡುವುದನ್ನೂ ನೋಡಿ, ಮತ್ತೆ ಬಿಚ್ಚಿ, ಪಟ್ಟಿಗಳನ್ನಷ್ಟೇ ಕುದಿಸುತ್ತಾರೆ. ತೊಳೆದು ಒಣಗಿಸಿ ಮೇಣ ಸವರಿದ ಮೇಲೆ ಸ್ಕ್ರೂಗಳಿಂದಲೇ ಕೂರಿಸುತ್ತಾರೆ. ರಿವೆಟ್ ಬಡಿದರೆ ಏಟಿನ ಗುರುತು ಉಳಿಯುತ್ತದೆ. ಮೇಲಾಗಿ ಕೈಯ ಉಜ್ಜಾಟಕ್ಕೆ ಪೊರೆ ವರ್ಷಗಳಲ್ಲಿ ಸವೆಯುವುದು ಖಂಡಿತ. ಆಗ ಪಟ್ಟಿಗಳನ್ನು ಬಿಚ್ಚಿ, ಇದ್ದಿಲ ಪುಡಿಯಿಂದ ಉಜ್ಜಿ ಮತ್ತೊಮ್ಮೆ ರೊಕುಶೋದಲ್ಲಿ ಕುದಿಸಿದರೆ ಬಣ್ಣ ಮರಳುತ್ತದೆ. ಅದಕ್ಕೆ ಬೇಕಾದ ಚಿನ್ನ ಲೋಹದ ಉದ್ದಗಲಕ್ಕೂ ಮೊದಲೇ ಬೆರೆತಿದೆ.