ಒಂದೇ ಬರ್ತು, ಎರಡು ಕೌಂಟರು

ದಾವಣಗೆರೆಗೂ ಹರಿಹರಕ್ಕೂ ನಡುವೆ ಸುಮಾರು 14 ಕಿಲೋಮೀಟರು. ಎರಡೂ ಊರಿನ ರೈಲ್ವೆ ಕೌಂಟರಿನಲ್ಲಿ ಇಬ್ಬರು ಒಂದೇ ಗಳಿಗೆಯಲ್ಲಿ ಬೆಂಗಳೂರಿಗೆ ಟಿಕೆಟ್ ಕೇಳುತ್ತಾರೆ ಎನ್ನಿ. ಉಳಿದಿರುವುದು ಒಂದೇ ಬರ್ತು. ಮೊದಲು ಕೇಳಿದವರಿಗೆ ಕೊಡಬೇಕು, ಸರಿ. ಆದರೆ ಯಾವ ಗಡಿಯಾರದ ಪ್ರಕಾರ ಮೊದಲು?

ದೂರದೂರದ ಗಣಕಯಂತ್ರಗಳು ಜಾಲದ ಮೂಲಕ ಮಾತನಾಡಿಕೊಂಡು ಒಂದೇ ಲೆಕ್ಕ ಇಡುವುದಕ್ಕೆ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ ಎನ್ನುತ್ತಾರೆ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್‌ಗಳ ರೈಲ್ವೆ ಮುಂಗಡ ಟಿಕೆಟ್ ಕೇಂದ್ರಗಳು 1999ರಲ್ಲಿ ಹೀಗೆ ಒಂದಾದವು. ಒಂದು ರೈಲಿನ ಲೆಕ್ಕ ಒಂದೇ ಕಡೆ ಇದ್ದರೆ ಅಲ್ಲಿಗೆ ಮೊದಲು ತಲುಪಿದ ಕೋರಿಕೆಗೆ ಬರ್ತು. ಲೆಕ್ಕದ ಪ್ರತಿ ನಾಲ್ಕು ಕಡೆ ಇದ್ದರೆ? ಎರಡು ಯಂತ್ರಗಳ ಗಡಿಯಾರ ಕರಾರುವಾಕ್ಕಾಗಿ ಹೊಂದುವುದೇ ಇಲ್ಲ.

ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಹರಿಹರದಲ್ಲಿ ಡಬ್ಬಿಗೆ ಹಾಕಿದ ಕಾಗದ ದಾವಣಗೆರೆಗೆ ಬರುವುದು ಹಾಕಿದ ಮೇಲೇ ತಾನೆ? ಗಡಿಯಾರ ನೋಡದೆಯೂ ಹಿಂದುಮುಂದು ತಿಳಿಯಿತು. ಈ ಸರಳ ಮಾತಿನಿಂದಲೇ ಅವರು ಘಟನೆಗಳ ಕ್ರಮವನ್ನು ಕಟ್ಟಿದರು. 2013ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು.

ಇಂಥ ವಿಚಾರಗಳು ಪುಟಕ್ಕೆ ಬಿದ್ದರಷ್ಟೇ ಸಾಲದು, ನಾಲ್ಕು ಜನರೆದುರು ನಿಲ್ಲಬೇಕು. 2000ದಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ಸಮ್ಮೇಳನವೊಂದರಲ್ಲಿ ಎರಿಕ್ ಬ್ರೂವರ್ ಒಂದು ಊಹೆ ಮುಂದಿಟ್ಟರು: ಜಾಲ ನಡುವೆ ತುಂಡಾದಾಗ ಲೆಕ್ಕವೂ ಎಲ್ಲ ಕಡೆ ಒಂದೇ ಇರಬೇಕು, ಕೇಳಿದವರಿಗೆಲ್ಲ ಉತ್ತರವೂ ಸಿಗಬೇಕು ಎಂದರೆ ಆಗದು. ಅದು ಆಗ ಬರೀ ಊಹೆ. ಎರಡೇ ವರ್ಷದಲ್ಲಿ ಸೇಥ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಗಣಿತದಿಂದ ಸಾಧಿಸಿದರು. ಕೌಂಟರಿನಲ್ಲಿ ‘ಲಿಂಕ್ ಇಲ್ಲ, ಕಾಯಿರಿ’ ಎಂದಾಗ ನಾವು ಗೊಣಗುತ್ತೇವೆ. ಕಾಯಿಸದೆ ಕೊಟ್ಟಿದ್ದರೆ ಒಂದೇ ಬರ್ತಿಗೆ ಇಬ್ಬರು ಬಂದು ಕುಳಿತಾರು!

ಈ ಚರ್ಚೆ ಕೇಳಲು ಪೋರ್ಟ್‌ಲೆಂಡಿಗೇ ಹೋಗಬೇಕಿಲ್ಲ. ಕಾಮ್ಸ್‌ನೆಟ್ಸ್ ಎಂಬ ಸಮ್ಮೇಳನ 2009ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಜನವರಿಯ ವಾಡಿಕೆಯಾಗಿದೆ. ಊರೂರು ಸುತ್ತುವ ಐ.ಸಿ.ಡಿ.ಸಿ.ಎನ್. 2011 ಮತ್ತು 2019ರಲ್ಲಿ ಅಲ್ಲಿಯೇ ನಡೆಯಿತು. ಯು.ಬಿ.ಡಿ.ಟಿ.ಯ ಹುಡುಗನಿಗೋ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿನ ಹುಡುಗಿಗೋ ಅದು ಒಂದು ರಾತ್ರಿಯ ರೈಲಿನ ದಾರಿ. ನನ್ನನ್ನು ಕೇಳಿದರೆ ವೇದಿಕೆಗಿಂತ ಚಹಾ ವಿರಾಮವೇ ಲಾಭದ್ದು. ಪಠ್ಯದಲ್ಲಿ ಹೆಸರು ಓದಿದವರು ಅಲ್ಲಿ ಲೋಟ ಹಿಡಿದು ನಿಂತಿರಬಹುದು, ಮಾತನಾಡಿಸಬಹುದು.

ಪಾಲಕರಿಗೆ ಇಲ್ಲೊಂದು ಮಾತು. ‘ಅಂತರರಾಷ್ಟ್ರೀಯ’ ಎಂಬ ಹೆಸರು ಹೊತ್ತ ಸಮ್ಮೇಳನವೆಲ್ಲ ಇಂಥದ್ದಲ್ಲ. ಪ್ರಬಂಧ ಕಳಿಸಿದ ಎರಡೇ ದಿನಕ್ಕೆ ‘ಸ್ವೀಕೃತ’ ಎಂಬ ಪತ್ರ, ಅದರ ಬೆನ್ನಿಗೇ ಸಾವಿರಾರು ರೂಪಾಯಿಯ ಶುಲ್ಕದ ಚೀಟಿ ಬಂದರೆ ಹಣ ಕಟ್ಟುವ ಮುನ್ನ ನಿಲ್ಲಿ. ಪ್ರಬಂಧ ಓದಿದ ಸಮಿತಿಯಲ್ಲಿ ಯಾರಿದ್ದಾರೆ? ಕಳೆದ ವರ್ಷದ ಪ್ರಬಂಧಗಳು ಎಲ್ಲಿ ಅಚ್ಚಾಗಿವೆ? ಪರಿಶೀಲಕರು ಬರೆದ ಟಿಪ್ಪಣಿ ಎಲ್ಲಿ? ಒಳ್ಳೆಯ ಕಡೆ ಪರಿಶೀಲನೆಗೆ ವಾರಗಟ್ಟಲೆ ಹಿಡಿಯುತ್ತದೆ, ತಿರಸ್ಕರಿಸಿದರೂ ಕಾರಣ ಬರೆದು ಕಳಿಸುತ್ತಾರೆ. ಆ ತಿರಸ್ಕಾರದ ಪತ್ರ ಹಣ ಕೊಟ್ಟು ತಂದ ಸರ್ಟಿಫಿಕೇಟಿಗಿಂತ ಮೇಲು.

ಮೊದಲ ಸಲ ಪ್ರಬಂಧವಿಲ್ಲದೆ ಬರೀ ಕೇಳುಗರಾಗಿ ಹೋದರೂ ಸಾಕು. ವಿದ್ಯಾರ್ಥಿಗಳಿಗೆ ನೋಂದಣಿ ಶುಲ್ಕ ಸಾಮಾನ್ಯವಾಗಿ ಕಡಿಮೆ. ಪ್ರಯಾಣದ ಖರ್ಚಿಗೆ ನೆರವು ಕೊಡುವುದೂ ಉಂಟು. ಅರ್ಜಿಯನ್ನು ಮಾತ್ರ ತಿಂಗಳುಗಳ ಮೊದಲೇ ಹಾಕಿರಬೇಕು.