ಚೆಂಡಿಗೆ ಪಕ್ಷ ಇಲ್ಲ, ಕುರ್ಚಿಗೆ ಇದೆ!

2023ರ ಜುಲೈ 4 ನೆನಪಿದೆಯಾ? ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್. ಕುವೈತ್ ಜೊತೆ 1–1 ಸಮ. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ನಾವು 5–4ರಿಂದ ಗೆದ್ವಿ.

ಆದರೆ ಮರುದಿನ ಗೋಲಿಗಿಂತ ಹೆಚ್ಚು ಚರ್ಚೆ ಆಗಿದ್ದು ಒಂದು ಬಾವುಟದ ಬಗ್ಗೆ. ಪದಕ ತಗೊಳ್ಳೋಕೆ ಬಂದ ಜೀಕ್ಸನ್ ಸಿಂಗ್ ಹೆಗಲ ಮೇಲೆ ಏಳು ಬಣ್ಣದ ಬಾವುಟ ಇತ್ತು. ಅದು ಮಣಿಪುರದ ಮೈತೇಯಿ ಜನರ ಹೆಮ್ಮೆಯ ಗುರುತು. ಆ ರಾಜ್ಯ ಮೇ 3ರಿಂದ ಹೊತ್ತಿ ಉರೀತಿತ್ತು. ದೇಶದ ಜರ್ಸಿ ಹಾಕ್ಕೊಂಡು ಹೀಗೆ ಮಾಡಬಹುದಾ ಅಂತ ಕೆಲವರು ಬೈದರು. ಯಾರ ಮನಸ್ಸನ್ನೂ ನೋಯಿಸೋ ಉದ್ದೇಶ ಇರಲಿಲ್ಲ, ಮಣಿಪುರದ ಕಡೆ ಗಮನ ಸೆಳೀಬೇಕಿತ್ತು ಅಂತ ಅವರು ಹೇಳಿಕೊಂಡರು. ಕುಕಿ ಮನೆಯೊಂದರಲ್ಲಿ ಕೂತು ನೋಡಿದವರಿಗೆ ಆ ಬಾವುಟ ಬೇರೆಯೇ ಅರ್ಥ ಕೊಟ್ಟಿರುತ್ತೆ, ನಿಜ. ಆದರೂ ಊರು ಉರೀತಿರುವಾಗ 22 ವರ್ಷದ ಹುಡುಗ ಬರೀ ಚೆಂಡು ನೋಡ್ಕೊಂಡಿರಬೇಕಿತ್ತು ಅನ್ನೋದು ನನಗಂತೂ ಒಪ್ಪಿಗೆಯಾಗಲ್ಲ. ನಮ್ಮ ದೇವರಮನೆ, ಮೂಡಿಗೆರೆ ಕಡೆಯ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಈಗ ಈಶಾನ್ಯದಿಂದ ದುಡಿಯೋಕೆ ಬಂದವರೂ ಇದ್ದಾರೆ. ಊರಿನ ಸುದ್ದಿಗಾಗಿ ಮಳೆಯಲ್ಲಿ ನೆಟ್‌ವರ್ಕ್ ಹುಡುಕ್ಕೊಂಡು ಗುಡ್ಡ ಹತ್ತೋರ ಕಷ್ಟ ಅವರಿಗೇ ಗೊತ್ತು.

ಅದೇ ಟೂರ್ನಿಯ ಮೊದಲ ದಿನ ಪಾಕಿಸ್ತಾನ ತಂಡ ವೀಸಾ ತಡವಾಗಿ, ಪಂದ್ಯದ ದಿನವೇ ಬೆಂಗಳೂರು ತಲುಪಿತ್ತು. ಛೆಟ್ರಿ ಹ್ಯಾಟ್ರಿಕ್, ಭಾರತ 4–0. ಆ ಗೆಲುವಲ್ಲಿ ಎಷ್ಟು ಪಾಲು ವೀಸಾದ್ದು ಅಂತ ಯಾರೂ ಲೆಕ್ಕ ಹಾಕಲಿಲ್ಲ!

ಹೊರಗಿನ ಕಥೆಗಳೂ ಇವೆ. 1969ರಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಗಳ ಬೆನ್ನಿಗೇ ಎಲ್ ಸಾಲ್ವಡಾರ್–ಹೊಂಡುರಾಸ್ ಯುದ್ಧ ಆಯ್ತು. ಎಲ್ಲರೂ ಅದನ್ನ ‘ಫುಟ್‌ಬಾಲ್ ಯುದ್ಧ’ ಅಂತಾರೆ, ಆದರೆ ನಿಜವಾದ ಜಗಳ ಜಮೀನು ಮತ್ತು ವಲಸಿಗರದ್ದು. ಉಲ್ಟಾ ಉದಾಹರಣೆಯೂ ಇದೆ: 2005ರಲ್ಲಿ ಐವರಿ ಕೋಸ್ಟ್ ಮೊದಲ ಬಾರಿ ವಿಶ್ವಕಪ್‌ಗೆ ಅರ್ಹತೆ ಪಡೆದಾಗ ದ್ರೋಗ್ಬಾ ಕ್ಯಾಮೆರಾ ಮುಂದೆ ಮಂಡಿಯೂರಿ, ಆಯುಧ ಕೆಳಗಿಡಿ ಅಂತ ತನ್ನ ದೇಶದವರನ್ನ ಬೇಡಿಕೊಂಡಿದ್ದರು.

ನಮ್ಮಲ್ಲಿ ಜಗಳ ಕುರ್ಚಿಯದ್ದು. ಎನ್‌ಸಿಪಿಯ ಪ್ರಫುಲ್ ಪಟೇಲ್ ಅವಧಿ 2020ರ ಡಿಸೆಂಬರ್‌ನಲ್ಲೇ ಮುಗಿದಿತ್ತು. ಆದರೂ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೆಳಗಿಳಿಸುವ ತನಕ ಅವರು ಎಐಎಫ್‌ಎಫ್ ಅಧ್ಯಕ್ಷರಾಗಿಯೇ ಇದ್ದರು. ಕೋರ್ಟ್ ಆಡಳಿತ ಸಮಿತಿ ನೇಮಿಸಿತು. ಅದನ್ನ ಫಿಫಾ ‘ಮೂರನೆಯವರ ಹಸ್ತಕ್ಷೇಪ’ ಅಂತ ಕರೆದು, ಆಗಸ್ಟ್ 15ರ ರಾತ್ರಿ ಭಾರತವನ್ನೇ ಅಮಾನತು ಮಾಡಿತು. ಸಮಿತಿ ರದ್ದಾದ ಮೇಲೆ, 26ರಂದು ಅಮಾನತು ತೆರವಾಯ್ತು.

ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ಬಿಜೆಪಿಯ ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ, ಭೈಚುಂಗ್ ಭುಟಿಯಾ ಅವರನ್ನ 33–1ರಿಂದ ಸೋಲಿಸಿದರು. ಭುಟಿಯಾ ಕೂಡ ಪಕ್ಷ ಕಟ್ಟಿದವರೇ ಬಿಡಿ. ಉಪಾಧ್ಯಕ್ಷರಾಗಿದ್ದು ಯಾರು? ನಮ್ಮ ಶಾಂತಿನಗರದ ಕಾಂಗ್ರೆಸ್ ಶಾಸಕ, ಕರ್ನಾಟಕ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಎನ್.ಎ. ಹ್ಯಾರಿಸ್. ವಿಧಾನಸಭೆಯಲ್ಲಿ ಮುಖ ತಿರುಗಿಸೋ ಎರಡು ಪಕ್ಷಗಳು ಇಲ್ಲಿ ಒಂದೇ ತಂಡ.

ಈ ಜಗ್ಗಾಟದ ಬಿಲ್ ಕಟ್ಟಿದವರು ಮಾತ್ರ ಬೇರೆ. ಗೋಕುಲಂ ಕೇರಳದ ಮಹಿಳಾ ತಂಡ ಏಷ್ಯನ್ ಕ್ಲಬ್ ಟೂರ್ನಿಗೆ ತಾಷ್ಕೆಂಟ್‌ಗೆ ಹೋಗಿ ಇಳಿದಾಗ ಅಮಾನತಿನ ಸುದ್ದಿ ಬಂತು. ಪ್ರಧಾನಿಗೇ ಮನವಿ ಮಾಡಿದರು. ಅಮಾನತು ತೆರವಾಗೋ ಹೊತ್ತಿಗೆ ಅವರ ಮೊದಲ ಪಂದ್ಯದ ದಿನ ಕಳೆದೇ ಹೋಗಿತ್ತು. ಒಂದೂ ಪಂದ್ಯ ಆಡದೆ ಆ ಹುಡುಗಿಯರು ವಾಪಸ್ ಬಂದರು.